ನಿಮ್ಮ ಕೋಸ್ಟಲ್ ಟ್ರಿಪ್ಪಿಗೆ ನಾಯಿ ಎಂತಕ್ಕೆ?

ಫೋಟೋ 1

ಚಂದ ಉಂಟಲ್ಲ? ನಾನೇ ತೆಗೆದದ್ದು. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವಿನಲ್ಲಿ ಎನ್‌ಎಚ್ 66. ಮರವಂತೆ ಅಂತ ಹೇಳುವ ಅಗತ್ಯವೇ ಇಲ್ಲ, ನೀವೆಲ್ಲ ನೋಡಿದ ಕೂಡಲೇ ಗುರುತು ಹಿಡೀತೀರಿ. ಕಾರಿಗೆ ಒರಗಿ ನಿಂತವರು ಅಕ್ಕ ಮತ್ತು ಭಾವ. ಕಾಲಬುಡದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತದ್ದು ಅವರ ನಾಯಿಗಳು. ಬಿಳಿ-ಬೂದು ಬಣ್ಣದ್ದು ಹಸ್ಕಿ, ಹೆಸರು ಬ್ಲೂ. ಸಣ್ಣದ್ದು ಪಗ್, ಮೋಮೋ.

ಈ ಫೋಟೋ ತೆಗೆದು ನಲವತ್ತು ನಿಮಿಷ ಆಗುವಾಗ ಬ್ಲೂ ನೆಲಕ್ಕೆ ಬಿದ್ದಿದ್ದ. ಎಬ್ಬಿಸಿದರೆ ಕಾಲು ನಿಲ್ಲುತ್ತಿರಲಿಲ್ಲ.

ಅಕ್ಕನ ಪರ್ಮಿಷನ್ ತಗೊಂಡೇ ಇದನ್ನು ಹಾಕಿದ್ದು. ಭಾವನದ್ದು ಇನ್ನೂ ಸಿಕ್ಕಿಲ್ಲ, ಹಾಗಾಗಿ ಅವರ ಮುಖಕ್ಕೆ ಸ್ಟಿಕ್ಕರ್. ಎರಡು ವಾರ ಸುಮ್ಮನಿದ್ದೆ. ಈಗ ಬರೆಯುವುದಕ್ಕೆ ಕಾರಣ ನಮ್ಮ ಕ್ಲಾಸ್ ಗ್ರೂಪ್. ಸೆಮ್ ಮುಗಿದ ಮೇಲೆ ಮಂಗಳೂರಿಂದ ಕಾರವಾರಕ್ಕೆ ಟ್ರಿಪ್ ಅಂತ ಪ್ಲ್ಯಾನ್ ಆಗ್ತಾ ಉಂಟು, ಒಳ್ಳೆದೇ. ಆದರೆ ಮೊನ್ನೆ ರಾತ್ರಿ ಒಬ್ಬರು ಹಾಕಿದ ಮೆಸೇಜ್: "ನಿನ್ನ ಗೋಲ್ಡನನ್ನೂ ಕರ್ಕೊಂಡು ಬಾ ಮಾರಾಯ್ತಿ, ಕಂಟೆಂಟ್ ಸಿಗ್ತದೆ." ಅದಕ್ಕೆ ಹದಿನೇಳು ಲೈಕ್. ಆ ಹದಿನೇಳು ಜನರಿಗೆ ಇದು. ಉದ್ದ ಉಂಟು, ಆದರೂ ಪೂರ್ತಿ ಓದಿ. ಒಂದೂವರೆ ನಿಮಿಷದ ರೀಲ್ ಇಪ್ಪತ್ತು ಸಲ ನೋಡ್ತೀರಲ್ಲ.

ಫೋಟೋ 2

ಇದು ಭಾವ ಕಳಿಸಿದ ಪ್ಲ್ಯಾನಿನ ಸ್ಕ್ರೀನ್‌ಶಾಟ್. ಜೆಪ್ಪು – ಮರವಂತೆ – ಮುರುಡೇಶ್ವರ – ಹೊನ್ನಾವರದ ಶರಾವತಿ ಸೇತುವೆ – ಶಿರೂರು – ಕಾರವಾರ. ಪ್ರತಿ ಜಾಗದ ಎದುರು ಯಾವ ಶಾಟ್, ಯಾವ ಹಾಡು, ನಾಯಿಗಳಿಗೆ ಯಾವ ಬಣ್ಣದ ಬಂಡಾನ ಅಂತ ಬರೆದಿದ್ದಾರೆ. ನೀರು ಎಲ್ಲಿ ಕುಡಿಸುವುದು, ನೆರಳು ಎಲ್ಲಿ ಉಂಟು, ಹತ್ತಿರದ ನಾಯಿ ಡಾಕ್ಟ್ರು ಎಲ್ಲಿ ಅಂತ ಒಂದು ಗೆರೆಯೂ ಇಲ್ಲ. ಬೇಕಿದ್ದರೆ ಝೂಮ್ ಮಾಡಿ ಹುಡುಕಿ.

ಭಾವ ಕೆಟ್ಟವರಲ್ಲ, ಮೊದಲೇ ಹೇಳ್ತೇನೆ. ಬ್ಲೂಗೆ ಅವರು ಕೊಡುವ ಫುಡ್ಡಿನ ರೇಟ್ ಕೇಳಿದರೆ ನಮ್ಮಮ್ಮ ಎರಡು ದಿನ ಮಾತಾಡ್ಲಿಕ್ಕಿಲ್ಲ. ರಾತ್ರಿ ಅವನು ಮಲಗುವುದು ಎಸಿಯಲ್ಲಿ. ಪ್ರೀತಿ ಕಡಿಮೆಯಾಗಿ ಆದದ್ದಲ್ಲ ಇದು. ಫ್ರೇಮ್ ಚಂದ ಬರಬೇಕು ಅಂತ ಎಲ್ಲರೂ ಸೇರಿ ಬೇರೆ ಏನನ್ನೂ ನೋಡದೆ ಇದ್ದದ್ದರಿಂದ ಆದದ್ದು. ಆ "ಎಲ್ಲರೂ" ಒಳಗೆ ಫೋನ್ ಹಿಡಿದಿದ್ದ ನಾನೂ ಇದ್ದೇನೆ.

ಏಪ್ರಿಲ್ ತಿಂಗಳು, ಶನಿವಾರ. ಆರು ಗಂಟೆಗೆ ಹೊರಡುವ ಅಂತ ಇತ್ತು. ಬ್ಲೂಗೆ ಶಾಂಪೂ, ಡ್ರೈಯರ್, ಬಾಚುವುದು ಆಗಿ ಮನೆ ಬಿಡುವಾಗ ಒಂಬತ್ತೂವರೆ. ಪಂಪ್‌ವೆಲ್, ನಂತೂರು, ಕೂಳೂರು ಸೇತುವೆಯ ಬ್ಲಾಕ್, ಎಲ್ಲ ದಾಟಿ ಮುಕ್ಕ ಬರುವಾಗಲೇ ಅಕ್ಕನ ಮೂಡ್ ಹೋಗಿತ್ತು. ಹೆಜಮಾಡಿಯಲ್ಲಿ ಟೋಲ್, ಸಾಸ್ತಾನದಲ್ಲಿ ಟೋಲ್. ಮರವಂತೆ ಮುಟ್ಟುವಾಗ ಹನ್ನೆರಡೂವರೆ ದಾಟಿತ್ತು. ಫೋನಲ್ಲಿ 34 ಡಿಗ್ರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮೈಗೆ ಅನಿಸುವುದು 41.

ಫೋಟೋ 3

ಬ್ಲೂ ನಗ್ತಾ ಇದ್ದಾನೆ ಅಂತ ಈ ಫೋಟೋಗೆ ಅಕ್ಕ ಹಾರ್ಟ್ ಹಾಕಿದ್ದಳು. ನಾಲಗೆ ಎಷ್ಟು ಉದ್ದ ಹೊರಗೆ ಬಂದಿದೆ, ಅದರ ತುದಿ ಹೇಗೆ ಅಗಲ ಆಗಿದೆ ನೋಡಿ. ಕಣ್ಣು ಕಾಣುವುದಿಲ್ಲ, ಯಾಕೆಂದರೆ ಕೂಲಿಂಗ್ ಗ್ಲಾಸ್ ಉಂಟಲ್ಲ. ಇದು ನಗು ಅಲ್ಲ ಅಂತ ನನಗೆ ಗೊತ್ತಾದದ್ದು ಆಮೇಲೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಚೂರು ಬೆವರುತ್ತದೆ, ಅಷ್ಟೆ. ಒಳಗಿನ ಬಿಸಿ ಹೊರಗೆ ಹೋಗಬೇಕಾದರೆ ತೇಕಬೇಕು. ನಾಲಗೆಯ ಮೇಲಿನ, ಉಸಿರಿನ ದಾರಿಯ ನೀರು ಆವಿಯಾಗಿ ಹೋಗುವಾಗ ಮೈ ತಣ್ಣಗಾಗ್ತದೆ. ಈಗ ನಮ್ಮ ಊರಿನ ಏಪ್ರಿಲ್ ನೆನಪು ಮಾಡಿಕೊಳ್ಳಿ. ಒಗೆದು ಹಾಕಿದ ಶರ್ಟ್ ಒಣಗಿದರೂ ಅಂಟಂಟು ಇರ್ತದಲ್ಲ? ಗಾಳಿಯಲ್ಲೇ ಅಷ್ಟು ನೀರು ಇರುವಾಗ ನಾಲಗೆಯ ನೀರು ಆವಿಯಾಗಿ ಎಲ್ಲಿಗೆ ಹೋಗಬೇಕು? ಬೆಂಗಳೂರಿನ 34 ಬೇರೆ, ಮರವಂತೆಯ 34 ಬೇರೆ. ಇನ್ನು ಹಸ್ಕಿ ಅಂದರೆ ಸೈಬೀರಿಯಾದಲ್ಲಿ ಹಿಮದ ಮೇಲೆ ಗಾಡಿ ಎಳೆಯುವ ಜಾತಿ. ಮೈಮೇಲೆ ಎರಡು ಪದರ ಕೂದಲು. ಪಗ್ಗಿನ ಕಥೆ ಇನ್ನೂ ಬೇಜಾರು. ಅದರ ಮೂಗನ್ನೇ ಮನುಷ್ಯರು ತಲೆಮಾರುಗಟ್ಟಲೆ ಚಪ್ಪಟೆ ಮಾಡಿ ಇಟ್ಟಿದ್ದಾರೆ, ಸರಿಯಾಗಿ ತೇಕಲಿಕ್ಕೂ ಆಗುವುದಿಲ್ಲ. ಮೋಮೋ ಆವತ್ತು ಬಚಾವಾದದ್ದು ನಡೆಯಲಿಕ್ಕೆ ಉದಾಸೀನ ಮಾಡಿ ಕಾರಿನ ನೆರಳಲ್ಲಿ ಮಲಗಿದ್ದಕ್ಕೆ. ಸೋಮಾರಿತನಕ್ಕೆ ದೊಡ್ಡ ನಮಸ್ಕಾರ.

ಟಾರು ರಸ್ತೆ ಎಷ್ಟು ಬಿಸಿ ಇತ್ತು ಅಂತ ನಾವು ಮುಟ್ಟಿ ನೋಡಲಿಲ್ಲ. ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ರಸ್ತೆಗೆ ಒತ್ತಿ ಹಿಡಿಯಿರಿ, ಹಿಡಿಯಲಿಕ್ಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ ಅಂತ ಈಗ ಎಲ್ಲ ಕಡೆ ಓದ್ತಾ ಇದ್ದೇನೆ. ಆವತ್ತು ನಮ್ಮ ಕಾಲಲ್ಲಿ ಚಪ್ಪಲಿ ಇತ್ತು.

ಆಮೇಲೆ ಬೀಚಿಗೆ ಇಳಿದದ್ದು. ಭಾವ ಬೆಲ್ಟ್ ಬಿಚ್ಚಿದರು. ಸ್ಲೋ ಮೋಷನ್‌ಗೆ ಬೆಲ್ಟ್ ಅಡ್ಡ ಬರ್ತದಂತೆ. ನಾಲ್ಕು ಟೇಕ್ ಓಡಿಸಿದೆವು. ನಾಲ್ಕನೆಯದು ನಾನೇ ಕೇಳಿದ್ದು, ಮೂರನೆಯದರಲ್ಲಿ ನನ್ನ ಬೆರಳು ಬಂದಿತ್ತು ಅಂತ. ಬ್ಲೂ ಬಾಯಾರಿ ಸಮುದ್ರದ ನೀರು ಕುಡಿದ. ನಾವು ನಕ್ಕೆವು, ಅದು ವಿಡಿಯೋದಲ್ಲಿ ಉಂಟು. ಉಪ್ಪು ನೀರು ಹೊಟ್ಟೆಗೆ ಹೋದರೆ ಮೈಯಲ್ಲಿದ್ದ ನೀರನ್ನೂ ಎಳೆದು ಹೊರಗೆ ಹಾಕ್ತದೆ. ಹತ್ತು ನಿಮಿಷದಲ್ಲಿ ವಾಂತಿ, ಆಮೇಲೆ ಓಲಾಡಿಕೊಂಡು ನಡೆದ, ಆಮೇಲೆ ಬಿದ್ದ.

ಬೆಲ್ಟ್ ಬಿಚ್ಚಿದ್ದರ ಬಗ್ಗೆ ಇನ್ನೊಂದು ಮಾತು, ಇದು ಬ್ಲೂಗೆ ಸಂಬಂಧ ಇಲ್ಲದ್ದು. ನಮ್ಮ ಕಡಲಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲಿಕ್ಕೆ ಬರ್ತವೆ, ಆಲಿವ್ ರಿಡ್ಲೆ ಜಾತಿಯವು. 2024ರ ಆರಂಭದಲ್ಲಿ ನಮ್ಮ ತಣ್ಣೀರುಬಾವಿ, ಸಸಿಹಿತ್ಲು ಕಡೆ ಗೂಡು ಸಿಕ್ಕಿ ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾದದ್ದು ಪೇಪರಲ್ಲಿ ಬಂದಿತ್ತು. ಕುಂದಾಪುರದ ಕೋಡಿ, ಮರವಂತೆ ಕಡೆಯೂ ಉಂಟು. ಒಂದೊಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲಿಕ್ಕೆ ಒಂದೂವರೆ-ಎರಡು ತಿಂಗಳು. ಲೆಕ್ಕ ಹಾಕಿ ನೋಡಿ, ಕೆಲವು ಮರಿಗಳು ಹೊರಗೆ ಬರುವ ಹೊತ್ತು ಸರಿಯಾಗಿ ನಮ್ಮ ರಜೆಯ ಹೊತ್ತು. ನಾಯಿಯ ಮೂಗಿಗೆ ಮರಳಿನ ಕೆಳಗಿನ ಮೊಟ್ಟೆ ಗೊತ್ತಾಗ್ತದೆ. ಬೆಲ್ಟ್ ಬಿಚ್ಚಿದ ಯಜಮಾನರಿಗೆ ಗೊತ್ತಾಗುವುದಿಲ್ಲ.

ಫೋಟೋ 4

ಇದು ಮೊದಲನೇ ಫೋಟೋವೇ, ಕ್ರಾಪ್ ಮಾಡದ್ದು. ಬಲಗಡೆ ತುದಿಯಲ್ಲಿ ನೀಲಿ ಟಾರ್ಪಾಲು, ಅದರಡಿ ಬೊಂಡದ ರಾಶಿ, ಒಬ್ಬರು ಅಮ್ಮ. ಮುಖ ಬ್ಲರ್ ಮಾಡಿದ್ದೇನೆ. ಆವತ್ತು ಅಕ್ಕ ಹೇಳಿದ್ದು, "ಆ ಟಾರ್ಪಾಲು ಫ್ರೇಮಲ್ಲಿ ಬರ್ಬಾರ್ದು." ಸರಿ ಅಂತ ನಾನು ಎರಡು ಹೆಜ್ಜೆ ಎಡಕ್ಕೆ ಬಂದೆ, ಉಳಿದದ್ದನ್ನು ಆಮೇಲೆ ಕತ್ತರಿಸಿದೆ.

ಬ್ಲೂ ಬಿದ್ದಾಗ ನಾವು ಮೂವರೂ ಮಾಡಿದ್ದು ಎಂತ ಗೊತ್ತುಂಟಾ? ಗೂಗಲ್. ಅಕ್ಕ ಅಳ್ತಾ ಗೂಗಲ್, ಭಾವ ಬೈತಾ ಗೂಗಲ್. ಮೊದಲು ಓಡಿ ಬಂದದ್ದು ಟಾರ್ಪಾಲಿನ ಅಡಿಯ ಅಮ್ಮ.

"ಹೋಯ್, ಕಾಂತಿಲ್ಯಾ ನಿಮ್ಗೆ? ಅದ್ರ ನಾಲ್ಗಿ ಕಾಣಿ ಮರಾಯ್ರೆ! ನೆರಳಿಗೆ ತನ್ನಿ!"

ಹೇಳಿದ್ದು ಅಷ್ಟೆ. ಅವರೇ ಬ್ಲೂನ ಹಿಂಗಾಲು ಹಿಡಿದರು, ಭಾವ ಮುಂಗಾಲು. ಟಾರ್ಪಾಲಿನ ಅಡಿಗೆ ತಂದು ಮಲಗಿಸಿ ಕೊಡಪಾನದ ನೀರನ್ನು ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ಹೊಯ್ದರು. ರಟ್ಟಿನ ತುಂಡು ನನ್ನ ಕೈಗೆ ಕೊಟ್ಟು ಬೀಸಲಿಕ್ಕೆ ಹೇಳಿದರು. ಒಂದು ಕೊಡಪಾನ ಮುಗಿಯಿತು, ಎರಡನೆಯದೂ ಮುಗಿಯಿತು. ಬೇಸಿಗೆಯಲ್ಲಿ ಅವರ ಮನೆ ಬಾವಿ ಉಪ್ಪಾಗ್ತದಂತೆ, ಕುಡಿಯುವ ನೀರು ಹೊತ್ತು ತರಬೇಕು. ಅದನ್ನು ಅವರು ಹೇಳಿದ್ದು ನೀರು ಖಾಲಿಯಾದ ಮೇಲೆ, ಅದೂ ನಾನು ಇನ್ನೊಂದು ಕೊಡಪಾನ ಉಂಟಾ ಅಂತ ಕೇಳಿದ್ದಕ್ಕೆ.

ಅಲ್ಲಿಂದ ಕುಂದಾಪುರಕ್ಕೆ ವಾಪಸ್. ನಾಯಿ ಡಾಕ್ಟ್ರು ಥರ್ಮಾಮೀಟರ್ ಇಟ್ಟಾಗ 41.3 ಡಿಗ್ರಿ. ಆರೋಗ್ಯದ ನಾಯಿಗೆ 38ರಿಂದ 39 ಚಿಲ್ಲರೆ ಇರಬೇಕು. ನೀರು ಹೊಯ್ಯದೆ ಹಾಗೇ ಕಾರಿಗೆ ಹಾಕಿ ತಂದಿದ್ದರೆ ದಾರಿಯಲ್ಲೇ ಹೋಗ್ತಿತ್ತು ಅಂದರು. ಎರಡು ಗಂಟೆ ಡ್ರಿಪ್. ಅವರು ನಮಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆದಿತ್ತು.

ಆ ಟಾರ್ಪಾಲಿನ ಅಡಿ ಇನ್ನೊಂದು ನಾಯಿ ಇತ್ತು, ಈ ಫೋಟೋದಲ್ಲಿ ಬೊಂಡದ ರಾಶಿಯ ಹಿಂದೆ ಬಾಲ ಮಾತ್ರ ಕಾಣ್ತದೆ. ಕಂದು ಬಣ್ಣದ ಊರ ನಾಯಿ. ನೀರು ಚೆಲ್ಲಿ ಒದ್ದೆಯಾದ ಮಣ್ಣಲ್ಲಿ ಗುಂಡಿ ತೋಡಿಕೊಂಡು ಹೊಟ್ಟೆ ಊರಿ ಮಲಗಿತ್ತು. ಇಷ್ಟು ಗಲಾಟೆ ಆದರೂ ಬಿಸಿಲಿಗೆ ಬರಲಿಲ್ಲ. ಬುದ್ಧಿ ಇದ್ದದ್ದು ಅಲ್ಲಿ ಅದಕ್ಕೆ ಮಾತ್ರ.

ಫೋಟೋ 5

ಇಲ್ಲಿ ಫೋಟೋ ಇಲ್ಲ, ಕಪ್ಪು ಸ್ಲೈಡ್. ಭಾವನ ಪ್ಲ್ಯಾನಿನಲ್ಲಿ ಇದ್ದ ಶಿರೂರಿನ ಬಗ್ಗೆ.

ಬೈಂದೂರಿನ ಹತ್ತಿರದ, ಟೋಲ್ ಗೇಟ್ ಇರುವ ಶಿರೂರು ಅಲ್ಲ. ಅಂಕೋಲಾದ ಶಿರೂರು. ಪ್ಲ್ಯಾನಿನಲ್ಲಿ ಅದರ ಎದುರು "ಲ್ಯಾಂಡ್‌ಸ್ಲೈಡ್ ಸ್ಪಾಟ್, ಡ್ರೋನ್" ಅಂತ ಇತ್ತು. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿಯ ಗುಡ್ಡ ಇದೇ ಎನ್‌ಎಚ್ 66ರ ಮೇಲೆ ಜಾರಿ, ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಅಗಲ ಮಾಡಲಿಕ್ಕೆ ಗುಡ್ಡವನ್ನು ನೇರಕ್ಕೆ ಕಡಿದದ್ದೇ ಕಾರಣ ಅಂತ ಊರವರು ಆವತ್ತಿಂದ ಹೇಳ್ತಿದ್ದಾರೆ. ಕೇರಳದ ಲಾರಿ ಡ್ರೈವರ್ ಒಬ್ಬರ ಲಾರಿ ನದಿಯಿಂದ ಮೇಲೆ ಬರುವಾಗ ಸೆಪ್ಟೆಂಬರ್ ಮುಗೀತಾ ಬಂದಿತ್ತು. ನೀವೆಲ್ಲ ಆಗ ಸ್ಟೋರಿ ಹಾಕಿದ್ದಿರಿ, ನನಗೆ ನೆನಪುಂಟು.

ಅಲ್ಲಿ ರಸ್ತೆ ಬದಿಯಲ್ಲಿ ಒಂದು ಟೀ ಅಂಗಡಿ ಇತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಎಲ್ಲರೂ ಹೋದರು. ಆಮೇಲಿನ ದಿನಗಳಲ್ಲಿ ಅವರ ನಾಯಿ ಆ ಮಣ್ಣಿನ ರಾಶಿಯ ಸುತ್ತ ಮೂಸಿಕೊಂಡು ತಿರುಗ್ತಾ ಇದ್ದದ್ದು ಸುದ್ದಿಯಲ್ಲಿ ಬಂತು.

ಗಂಡ, ಹೆಂಡತಿ, ನಾಯಿ, ಕರಾವಳಿ ರಸ್ತೆ. ಎಲ್ಲ ಉಂಟು ನೋಡಿ, ನಿಮ್ಮ ರೀಲಿಗೆ ಬೇಕಾದದ್ದೆಲ್ಲ. ಆ ರಸ್ತೆ ಅವರಿಗೆ ಟ್ರಿಪ್ ಅಲ್ಲ, ಮನೆ ಅಂಗಳ. ಅದರ ಮೇಲೆ ಡ್ರೋನ್ ಹಾರಿಸಿ, ಬಂಡಾನ ಕಟ್ಟಿದ ನಾಯಿಯನ್ನು ಎದುರಿಗೆ ನಿಲ್ಲಿಸಿ, ಹಿಂದೆ ಹಿಂದಿ ಹಾಡು ಹಾಕುವ ಪ್ಲ್ಯಾನಿಗೆ ನಾನೂ ಥಂಬ್ಸ್‌ಅಪ್ ಕೊಟ್ಟಿದ್ದೆ. ಬ್ಲೂ ಬೀಳದಿದ್ದರೆ ಅದನ್ನೂ ಮಾಡ್ತಿದ್ದೆವು.

ಫೋಟೋ 6

ಕ್ಲಾಸಲ್ಲಿ ಇದನ್ನು ಹೇಳಿದಾಗ ಬಂದ ಉತ್ತರಗಳು ಇದರಲ್ಲಿ ಉಂಟು, ಹೆಸರು ಅಳಿಸಿದ್ದೇನೆ.

"ನಾಯಿಗೆ ಸಮುದ್ರ ಅಂದರೆ ಇಷ್ಟ." ಹೌದು, ಇರಬಹುದು. ಮೋಮೋಗೆ ಚಾಕೊಲೇಟ್ ಸಹ ಇಷ್ಟ, ಕೊಡ್ತೀರಾ? ಬ್ಲೂ ಓಡಿದ್ದು ಖುಷಿಗೂ ಹೌದು. ಆದರೆ ಯಜಮಾನರು ಕರೆದರೆ ಸಾಯುವವರೆಗೂ ಓಡುವ ಜಾತಿ ಅದು. ನಾಲ್ಕನೇ ಟೇಕ್ ಬೇಡ ಅಂತ ಹೇಳಲಿಕ್ಕೆ ಅದಕ್ಕೆ ಬಾಯಿ ಇಲ್ಲ. ಹೇಳಿತ್ತು ನಿಜವಾಗಿ, ನಾಲಗೆ ಹೊರಗೆ ಹಾಕಿ. ನಾವು ಅದಕ್ಕೆ ನಗು ಅಂತ ಕ್ಯಾಪ್ಷನ್ ಕೊಟ್ಟೆವು.

"ಎಸಿ ಕಾರಲ್ಲಿ ಕೂರಿಸಿ ನಾವು ಮಾತ್ರ ಇಳಿದರೆ ಆಯ್ತಲ್ಲ." ಎಂಜಿನ್ ಆಫ್ ಮಾಡಿದ ಕಾರು ಬಿಸಿಲಲ್ಲಿ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಏರ್ತದೆ. ಗ್ಲಾಸ್ ಚೂರು ಇಳಿಸಿದರೆ ದೊಡ್ಡ ವ್ಯತ್ಯಾಸ ಇಲ್ಲ. ಹೊರಗೆ 34 ಇದ್ದರೆ ಒಳಗೆ 44. ನೀವೊಮ್ಮೆ ಸ್ವೆಟರ್ ಹಾಕಿ ಕೂತು ನೋಡಿ, ಬಾಗಿಲು ನಾನು ಲಾಕ್ ಮಾಡ್ತೇನೆ.

"ಟೂರಿಸಂ ಆದರೆ ಊರಿಗೆ ದುಡ್ಡು ಬರ್ತದೆ." ಇದಕ್ಕೆ ಬಿಕಾಂನವರ ಹಾಗೆ ಉತ್ತರ ಕೊಡ್ತೇನೆ. ಆ ದಿನದ ನಮ್ಮ ಖರ್ಚು: ಪೆಟ್ರೋಲ್, ಎರಡು ಟೋಲ್, ಕಾರವಾರದ ಕಡೆಯ 'ಪೆಟ್ ಫ್ರೆಂಡ್ಲಿ' ರೆಸಾರ್ಟಿನ ಅಡ್ವಾನ್ಸ್ (ಹೋಯಿತು, ವಾಪಸ್ ಬರಲಿಲ್ಲ), ಬೆಂಗಳೂರಿಂದಲೇ ತಂದ ಚಿಪ್ಸ್, ನೀರಿನ ಬಾಟ್ಲಿ. ಮರವಂತೆ ಊರಿಗೆ ನಾವು ಕೊಟ್ಟದ್ದು ಎರಡು ಬೊಂಡದ ದುಡ್ಡು. ಮರವಂತೆಯಿಂದ ತಗೊಂಡದ್ದು ಎರಡು ಕೊಡಪಾನ ಕುಡಿಯುವ ನೀರು. ಭಾವ ಐನೂರರ ನೋಟು ಕೊಡಲಿಕ್ಕೆ ಹೋದರೆ ಆ ಅಮ್ಮ ಬೊಂಡದ ರೇಟಷ್ಟೇ ತಗೊಂಡು ಚಿಲ್ಲರೆ ಎಣಿಸಿ ಕೊಟ್ಟರು. ಕ್ಲಾಸಲ್ಲಿ ವಿಂಡೋ ಡ್ರೆಸ್ಸಿಂಗ್ ಓದಿದ್ದೇವಲ್ಲ, ಲೆಕ್ಕ ಚಂದ ಕಾಣಲಿಕ್ಕೆ ಸಾಲವನ್ನು ಅಡಗಿಸುವುದು? ಫೋಟೋ 1 ಅದೇ. ಸಾಲ ಕೊಟ್ಟವರನ್ನೇ ಕ್ರಾಪ್ ಮಾಡಿದ್ದು.

"ನಿಂಗೆ ಹೊಟ್ಟೆಕಿಚ್ಚು, ನಿಂಗೆ ನಾಯಿ ಇಲ್ಲ, ಕಾರೂ ಇಲ್ಲ." ಕಾರು ಇಲ್ಲ, ಒಪ್ಪಿದೆ. ನಾಯಿಯ ವಿಷಯಕ್ಕೆ ಮುಂದಿನ ಫೋಟೋ ನೋಡಿ.

ಇನ್ನು ರಸ್ತೆ ಬದಿ ಕಾರು ನಿಲ್ಲಿಸುವ ವಿಷಯ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ನನಗೇ ಹೆದರಿಕೆ ಆಗ್ತದೆ. ನಾವು ಫೋಟೋ ತೆಗೆದ ಜಾಗದಲ್ಲಿ ಗ್ಯಾಸ್ ಟ್ಯಾಂಕರ್, ಮೀನಿನ ಲಾರಿ ಹೋಗುವ ಸ್ಪೀಡ್ ನಿಮಗೆ ಗೊತ್ತುಂಟು. ಒಂದು ಲಾರಿ ಹಾರ್ನ್ ಹೊಡೆದಾಗ ಬ್ಲೂ ಬೆದರಿ ರಸ್ತೆ ಕಡೆ ಎಳೆದಿದ್ದ. ಆಗ ಬೆಲ್ಟ್ ಇತ್ತು, ದೇವರ ದಯೆ.

ಫೋಟೋ 7

ಇವನು ಕರಿಯ, ನಮ್ಮ ಜೆಪ್ಪು ಮಾರ್ಕೆಟ್ ಹತ್ತಿರದವನು. ಯಾರದ್ದೂ ಅಲ್ಲ, ಎಲ್ಲರದ್ದೂ. ಕಿವಿಯಲ್ಲಿ ವಿ ಆಕಾರದ ಕಟ್ ಕಾಣ್ತದಲ್ಲ, ಸಂತಾನಹರಣ ಆದದ್ದಕ್ಕೆ ಗುರುತು ಅದು. ಬೆಳಿಗ್ಗೆ ಮೀನಿನವರ ಹತ್ತಿರ ಡ್ಯೂಟಿ, ಸಂಜೆ ನಾನು ಕಾಲೇಜಿನಿಂದ ಬರುವಾಗ ಮನೆಯವರೆಗೆ ಎಸ್ಕಾರ್ಟ್. ಮಧ್ಯಾಹ್ನ ಮಾತ್ರ ರಿಕ್ಷಾದ ಅಡಿಯಿಂದ ಏಳುವುದಿಲ್ಲ, ಬಂಗುಡೆಯ ತಲೆ ತೋರಿಸಿದರೂ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಳ್ಳುತ್ತಾನೆ. ಇವನನ್ನು ಯಾರೂ ಟ್ರಿಪ್ಪಿಗೆ ಕರೆಯುವುದಿಲ್ಲ. ರೀಲಿಗೆ ಬೇಕಾದ ಬಣ್ಣ ಅಲ್ಲವಲ್ಲ. ಮಳೆಗಾಲದಲ್ಲಿ ಹೀಗೇ ಕರಾವಳಿ ನೋಡಲಿಕ್ಕೆ ಬಂದ ಯಾರೋ ಬಿಟ್ಟುಹೋದ ಲ್ಯಾಬ್ರಡಾರ್ ಒಂದು ನಮ್ಮ ಬೀದಿಗೆ ಬಂದಿತ್ತು, ಕುತ್ತಿಗೆಯಲ್ಲಿ ಹೊಸ ಬೆಲ್ಟ್ ಸಮೇತ. ಅದಕ್ಕೆ ಒಂದು ವಾರ ಊಟ ಹಂಚಿಕೊಂಡದ್ದೂ ಇದೇ ಕರಿಯ. ಹಂಚಿಕೊಂಡ ಅಂದರೆ, ಮೂರು ದಿನ ಜಗಳ ಮಾಡಿ ಆಮೇಲೆ.

ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ನಾಯಿಯನ್ನು ಕರ್ಕೊಂಡು ಹೋಗಲೇಬಾರದು ಅಂತಲೂ ಅಲ್ಲ. ಡಿಸೆಂಬರಲ್ಲಿ ಹೋಗಿ. ಬೆಳಿಗ್ಗೆ ಆರಕ್ಕೆ ಹೊರಟು ಒಂಬತ್ತರ ಒಳಗೆ ಎಲ್ಲಿಗಾದರೂ ಮುಟ್ಟಿ, ಆಮೇಲೆ ನಾಲ್ಕೂವರೆವರೆಗೆ ಫ್ಯಾನಿನ ಅಡಿಯಲ್ಲಿ ಬಿದ್ದುಕೊಳ್ಳಿ. ಐದು ಲೀಟರ್ ಸಿಹಿನೀರು ನಾಯಿಗೆ ಅಂತಲೇ ಬೇರೆ ಇರಲಿ. ಬೆಲ್ಟ್ ಬಿಚ್ಚಬೇಡಿ. ಕಾರು ಹೈವೇಯಲ್ಲಿ ಬೇಡ, ಒಳಗೆ ಎಲ್ಲಾದರೂ ನಿಲ್ಲಿಸಿ ನಡೆದುಕೊಂಡು ಬನ್ನಿ. ಆ ಗಂಟೆಗಳಲ್ಲಿ ಲೈಟ್ ಚಂದ ಬರುವುದಿಲ್ಲ, ರೀಲ್ ಆಗುವುದಿಲ್ಲ ಅಂತಾದರೆ ನಾಯಿ ಬೇಕಾದದ್ದು ನಿಮಗಲ್ಲ, ರೀಲಿಗೆ. ಹಾಗಾದರೆ ಮನೆಯಲ್ಲೇ ಬಿಟ್ಟು ಹೋಗಿ.

ಗೋಲ್ಡನ್ ಇರುವವಳೇ, ಇದು ನಿನಗೆ. ಮೇ ತಿಂಗಳ ಟ್ರಿಪ್ಪಿಗೆ ಅವಳನ್ನು ಕರ್ಕೊಂಡು ಹೋಗಬೇಡ. ನಮ್ಮ ಮನೆಗೆ ತಂದು ಬಿಡು. ನಾನು ಈ ಟ್ರಿಪ್ಪಿಗೆ ಬರುವುದಿಲ್ಲ, ಎರಡು ದಿನ ನೋಡಿಕೊಳ್ತೇನೆ. ಅಮ್ಮನ ಹತ್ತಿರ ಕೇಳಿ ಆಯ್ತು. ಗಂಜಿ, ಬೇಯಿಸಿದ ಕೋಳಿ, ಹಿತ್ತಲಲ್ಲಿ ಹಲಸಿನ ಮರದ ನೆರಳು, ಎಲ್ಲ ಉಂಟು. ಕರಿಯನಿಗೆ ನಾನು ಹೇಳಿ ಇಡ್ತೇನೆ.

ಫೋಟೋ 8

ಬ್ಲೂ, ನಿನ್ನೆ ಅಕ್ಕ ಬೆಂಗಳೂರಿಂದ ಕಳಿಸಿದ್ದು. ಕಿಡ್ನಿಯ ಟೆಸ್ಟ್ ರಿಪೋರ್ಟ್ ನಾರ್ಮಲ್ ಬಂತು. ತಿನ್ನುತ್ತಾನೆ, ಆಡುತ್ತಾನೆ, ಎಸಿಯಲ್ಲಿ ಮಲಗುತ್ತಾನೆ. ಕಾರಿನ ಹಿಂದಿನ ಬಾಗಿಲು ತೆರೆದರೆ ಮಾತ್ರ ಹತ್ತುವುದಿಲ್ಲ. ಗೇಟಿನ ಹತ್ತಿರ ಕೂತುಬಿಡುತ್ತಾನೆ, ಭಾವ ಎಷ್ಟು ಕರೆದರೂ.

#ಜೆಪ್ಪು #ಮರವಂತೆ #ಕರಾವಳಿ #ನಾಯಿಗೆಬಿಸಿಲುಬೇಡ